ಕ್ರೆಡಿಟ್ ಕಾರ್ಡ್ ಇಲ್ಲದ ಬದುಕು: ಕಬ್ಬಿನ ಸೀಮೆ ಅರಭಾವಿಯ ಲೆಕ್ಕಾಚಾರ

ಕ್ರೆಡಿಟ್ ಕಾರ್ಡ್ ಇಲ್ಲದೆ ಇಂದಿನ ದಿನಗಳಲ್ಲಿ ಸಂಸಾರ ಸಾಗಿಸಲು ಸಾಧ್ಯವೇ? ಮಹಾನಗರದ ಉದ್ಯೋಗಸ್ಥರು ಆಗಾಗ ಕೇಳಿಕೊಳ್ಳುವ ಈ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯ ಅರಭಾವಿ ಸೀಮೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಈ ಕಬ್ಬಿನ ನಾಡಿನಲ್ಲಿ ಸೊಸೈಟಿಯ ಸಾಲ, ಅಂಗಡಿಯ ಉದ್ರಿ, ಪಿಗ್ಮಿ ಉಳಿತಾಯ ಹಾಗೂ ಮನೆಯ ಬಂಗಾರವನ್ನು ನೆಚ್ಚಿಕೊಂಡು ತಲೆಮಾರುಗಳು ಬದುಕು ಕಟ್ಟಿಕೊಂಡಿವೆ.

ಆದರೆ ಈ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಹೊಸ ರೂಪ ಪಡೆದಿದೆ. ಮೊದಲು ಕ್ರೆಡಿಟ್ ಕಾರ್ಡ್ ಬಳಸಬೇಕಾದರೆ ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರ ಇರಬೇಕಾಗಿತ್ತು. ಗ್ರಾಮೀಣ ಪ್ರದೇಶದ ಸಣ್ಣ ಕಿರಾಣಿ ಅಂಗಡಿ ಅಥವಾ ಗೊಬ್ಬರದ ಅಂಗಡಿಯಲ್ಲಿ ಅಂಥ ಯಂತ್ರ ಅಪರೂಪ. 2022ರ ಸೆಪ್ಟೆಂಬರ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಜೊತೆ ಜೋಡಿಸುವ ಸೌಲಭ್ಯ ಜಾರಿಗೆ ಬಂದಿತು. ಅಂದಿನಿಂದ ಅಂಗಡಿಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಇದ್ದಲ್ಲೆಲ್ಲ ಕ್ರೆಡಿಟ್ ಕಾರ್ಡ್ ಹೋಗಬಲ್ಲದು. ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 2024ರ ಆರಂಭದಲ್ಲಿಯೇ 10 ಕೋಟಿ ದಾಟಿತು.

ಹೀಗಾಗಿ ‘ಕಾರ್ಡ್ ಸಿಗುತ್ತದೆಯೇ’ ಎಂಬ ಪ್ರಶ್ನೆ ಹಿಂದೆ ಸರಿದು ‘ಕಾರ್ಡ್ ಬೇಕೇ’ ಎಂಬ ಪ್ರಶ್ನೆ ಮುಂದೆ ಬಂದಿದೆ. ಇದಕ್ಕೆ ಉತ್ತರ ಕೊಡುವುದು ಆದಾಯದ ಪ್ರಮಾಣಕ್ಕಿಂತ ಹೆಚ್ಚಾಗಿ ಆದಾಯ ಕೈಸೇರುವ ವೇಳೆ. ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ. ಈ ಎರಡು ಬಿಲ್ಲುಗಳ ನಡುವಿನ ಅಂತರವೇ ಇಲ್ಲಿನ ಲೆಕ್ಕಾಚಾರದ ಮೂಲ.

ಕಾರ್ಡ್ ಎಂದರೇನು?

ಕ್ರೆಡಿಟ್ ಕಾರ್ಡ್ ಎಂಬುದು ಬ್ಯಾಂಕ್ ಮುಂಚಿತವಾಗಿ ಮಂಜೂರು ಮಾಡಿಟ್ಟ ಭದ್ರತೆರಹಿತ ಸಾಲ. ಡೆಬಿಟ್ ಕಾರ್ಡಿನಲ್ಲಿ ಖರ್ಚಾಗುವುದು ಖಾತೆಯಲ್ಲಿರುವ ಸ್ವಂತ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚಾಗುವುದು ಬ್ಯಾಂಕಿನ ಹಣ. ಕಾರ್ಡುಗಳ ಆಧುನಿಕ ಇತಿಹಾಸ 1950ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಡೈನರ್ಸ್ ಕ್ಲಬ್‌ನಿಂದ ಆರಂಭವಾಗುತ್ತದೆ. ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಹೊರತಂದ ಕಾರ್ಡನ್ನು ಬ್ಯಾಂಕ್ ಕ್ರೆಡಿಟ್ ಕಾರ್ಡ್‌ಗಳ ಮೊದಲ ಹೆಜ್ಜೆಯೆಂದು ಪರಿಗಣಿಸಲಾಗುತ್ತದೆ.

ಕಾರ್ಡಿನ ಕಾರ್ಯವಿಧಾನ ಸರಳ. ತಿಂಗಳಿಗೊಮ್ಮೆ ಬಿಲ್ಲು ತಯಾರಾಗುತ್ತದೆ. ಬಿಲ್ಲಿನ ದಿನದಿಂದ ಎರಡು, ಮೂರು ವಾರಗಳೊಳಗೆ ಹಣ ಕಟ್ಟಬೇಕು. ಖರೀದಿಯ ದಿನದಿಂದ ಲೆಕ್ಕ ಹಾಕಿದರೆ ಗರಿಷ್ಠ 45ರಿಂದ 50 ದಿನಗಳ ಬಡ್ಡಿರಹಿತ ಅವಧಿ ದೊರೆಯುತ್ತದೆ. ಗಡುವಿನೊಳಗೆ ಪೂರ್ಣ ಮೊತ್ತ ಕಟ್ಟಿದವರಿಗೆ ಬಡ್ಡಿಯಿಲ್ಲ. ಕಾರ್ಡಿನ ಸಕಲ ಪ್ರಯೋಜನಗಳೂ ನಿಂತಿರುವುದು ಈ ‘ಪೂರ್ಣ ಮೊತ್ತ’ ಎಂಬ ಎರಡು ಪದಗಳ ಮೇಲೆ.

ಪೂರ್ಣ ಮೊತ್ತ ಕಟ್ಟದಿದ್ದರೆ ಚಿತ್ರ ಬದಲಾಗುತ್ತದೆ. ಹೆಚ್ಚಿನ ಕಾರ್ಡುಗಳ ಬಡ್ಡಿ ದರ ತಿಂಗಳಿಗೆ ಶೇ. 3ರಿಂದ ಶೇ. 3.75ರ ಆಸುಪಾಸಿನಲ್ಲಿದೆ. ಬಡ್ಡಿಯ ಮೇಲೆ ಶೇ. 18ರಷ್ಟು ಜಿಎಸ್‌ಟಿ ಬೀಳುತ್ತದೆ. ಬಾಕಿ ಉಳಿದಿರುವಾಗ ಮಾಡಿದ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಖರೀದಿಸಿದ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಪ್ರತ್ಯೇಕ ಶುಲ್ಕದ ಜೊತೆಗೆ ಮೊದಲ ದಿನದಿಂದಲೇ ಬಡ್ಡಿ.

ಈ ಭಾಗದ ಹಳ್ಳಿಗಳಲ್ಲಿ ಬಡ್ಡಿಯನ್ನು ವಾರ್ಷಿಕ ಶೇಕಡಾವಾರಿನಲ್ಲಿ ಹೇಳುವ ರೂಢಿ ಕಡಿಮೆ. ‘ನೂರಕ್ಕೆ ಎರಡು’, ‘ನೂರಕ್ಕೆ ಮೂರು’ ಎಂದು ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ. ಆ ಅಳತೆಯಲ್ಲಿ ಕ್ರೆಡಿಟ್ ಕಾರ್ಡಿನ ಬಡ್ಡಿ ನೂರಕ್ಕೆ ಮೂರೂವರೆ. ಕೈಗಡ ಕೊಡುವವರು ಈ ದರ ಕೇಳಿದರೆ ಎರಡು ಬಾರಿ ಯೋಚಿಸುವ ರೈತ, ಹೊಳೆಯುವ ಕಾರ್ಡಿನ ಹಿಂದೆ ಅದೇ ದರ ಅಡಗಿರುವುದನ್ನು ಗಮನಿಸದೆ ಹೋಗುವ ಸಾಧ್ಯತೆಯಿದೆ.

‘ಕನಿಷ್ಠ ಮೊತ್ತ’ದ ಬಲೆ

ಪ್ರತಿ ಬಿಲ್ಲಿನಲ್ಲಿಯೂ ಎರಡು ಅಂಕಿಗಳಿರುತ್ತವೆ. ಒಂದು ಪೂರ್ಣ ಬಾಕಿ, ಇನ್ನೊಂದು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಕನಿಷ್ಠ ಮೊತ್ತ ಸಾಮಾನ್ಯವಾಗಿ ಬಾಕಿಯ ಶೇ. 5ರಷ್ಟಿರುತ್ತದೆ. ಇದನ್ನು ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ.

ಒಂದು ಮಾದರಿ ಲೆಕ್ಕ ಹೀಗಿದೆ. ಬಾಕಿ 40,000 ರೂ., ಬಡ್ಡಿ ತಿಂಗಳಿಗೆ ಶೇ. 3.5 ಎಂದಿಟ್ಟುಕೊಳ್ಳೋಣ.

* ಮೊದಲ ತಿಂಗಳ ಬಡ್ಡಿ: 1,400 ರೂ.
* ಬಡ್ಡಿಯ ಮೇಲಿನ ಜಿಎಸ್‌ಟಿ: 252 ರೂ.
* ಒಟ್ಟು ಬಿಲ್ಲು: 41,652 ರೂ.
* ಶೇ. 5ರ ಕನಿಷ್ಠ ಪಾವತಿ: ಸುಮಾರು 2,083 ರೂ.
* ಪಾವತಿಯ ನಂತರ ಉಳಿಯುವ ಬಾಕಿ: ಸುಮಾರು 39,569 ರೂ.

ಅಂದರೆ 2,083 ರೂ. ಕಟ್ಟಿದರೂ ಅಸಲಿನಲ್ಲಿ ಇಳಿದದ್ದು 431 ರೂ. ಮಾತ್ರ. ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ಇದೇ ರೀತಿ 12 ತಿಂಗಳು ಕಟ್ಟುತ್ತ ಹೋದರೆ ಕೈಬಿಟ್ಟ ಹಣ ಸುಮಾರು 23,500 ರೂ. ಆದರೂ ವರ್ಷದ ಕೊನೆಯಲ್ಲಿ ಬಾಕಿ ಸುಮಾರು 35,100 ರೂ. ಹಾಗೆಯೇ ನಿಂತಿರುತ್ತದೆ.

ಈ ದರಕ್ಕೆ ಕಾನೂನಿನ ಮಿತಿ ಇಲ್ಲವೇ ಎಂಬ ಪ್ರಶ್ನೆ ಸಹಜ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ವಿಧಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ 2008ರಲ್ಲಿ ತೀರ್ಪು ನೀಡಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಪಡಿಸಿತು. ಹೀಗಾಗಿ ಕಾರ್ಡ್ ಪಡೆಯುವವರು ದರವನ್ನು ತಾವೇ ಓದಿ ತಿಳಿದುಕೊಳ್ಳುವುದು ಅನಿವಾರ್ಯ.

ಕಬ್ಬಿನ ಪಂಚಾಂಗ ಬೇರೆ

ಘಟಪ್ರಭಾ ನದಿ ಮತ್ತು ಅದರ ಕಾಲುವೆಗಳ ನೀರಿನಿಂದ ಹಸಿರಾಗಿರುವ ಈ ಸೀಮೆಯ ಮುಖ್ಯ ಬೆಳೆ ಕಬ್ಬು. ನಾಟಿಯಿಂದ ಕಟಾವಿಗೆ ಸುಮಾರು ಒಂದು ವರ್ಷ ಬೇಕು. ಕಾರ್ಖಾನೆಗಳು ಕಬ್ಬು ನುರಿಸುವುದು ಅಕ್ಟೋಬರ್ ಅಂತ್ಯ ಅಥವಾ ನವೆಂಬರ್‌ನಿಂದ ಮಾರ್ಚ್‌ವರೆಗೆ. ಬೀಜ, ಗೊಬ್ಬರ, ಕಳೆ, ನೀರಿನ ಖರ್ಚು ವರ್ಷವಿಡೀ ಹೋಗುತ್ತಿರುತ್ತದೆ. ಹಣ ಬರುವುದು ಕಬ್ಬು ಕಾರ್ಖಾನೆಗೆ ಹೋದ ಮೇಲೆ.

1966ರ ಕಬ್ಬು (ನಿಯಂತ್ರಣ) ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತನಿಗೆ ಹಣ ಪಾವತಿಯಾಗಬೇಕು. ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು. ನಿಯಮ ಹೀಗಿದ್ದರೂ ಬಾಕಿ ಬಿಲ್ಲಿಗಾಗಿ ರೈತರು ಬೀದಿಗಿಳಿಯುವುದು ರಾಜ್ಯದ ಕಬ್ಬು ಬೆಳೆಯುವ ಜಿಲ್ಲೆಗಳಿಗೆ ಹೊಸದಲ್ಲ.

ದರವೂ ಮುಂಚಿತವಾಗಿ ಖಚಿತವಿರುವುದಿಲ್ಲ. ಟನ್‌ಗೆ 3,500 ರೂ. ದರಕ್ಕೆ ಒತ್ತಾಯಿಸಿ 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಆರಂಭವಾದ ಕಬ್ಬು ಬೆಳೆಗಾರರ ಧರಣಿ ಇಡೀ ರಾಜ್ಯದ ಗಮನ ಸೆಳೆಯಿತು. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕಾರ್ಖಾನೆ ಮಾಲೀಕರು ಮತ್ತು ರೈತ ಮುಖಂಡರೊಂದಿಗೆ ನಡೆಸಿದ ಸಭೆಗಳ ನಂತರ ಟನ್‌ಗೆ 3,300 ರೂ. ದರ ಪ್ರಕಟವಾಯಿತು. ದರ ಇತ್ಯರ್ಥವಾಗುವವರೆಗೆ ಕಟಾವು ತಡೆದ ರೈತನಿಗೆ ಹಣವೂ ಅಷ್ಟು ದಿನ ತಡವಾಗುತ್ತದೆ.

ಧರಣಿ ಮುಗಿಯಲಿ ಎಂದು ಕಾರ್ಡಿನ ಬಿಲ್ಲು ಕಾಯುವುದಿಲ್ಲ. ಜೂನ್‌ನಲ್ಲಿ ಕಾರ್ಡಿನಿಂದ ಗೊಬ್ಬರ ಕೊಂಡರೆ 50 ದಿನಗಳ ಬಡ್ಡಿರಹಿತ ಅವಧಿ ಆಗಸ್ಟ್‌ನೊಳಗೆ ಮುಗಿದುಹೋಗುತ್ತದೆ. ಕಬ್ಬಿನ ಹಣ ಬರುವುದು ಡಿಸೆಂಬರ್‌ಗೋ ಫೆಬ್ರವರಿಗೋ. ನಡುವಿನ ತಿಂಗಳುಗಳಿಗೆಲ್ಲ ನೂರಕ್ಕೆ ಮೂರೂವರೆಯ ಬಡ್ಡಿ ಓಡುತ್ತದೆ. ಬೆಂಗಳೂರು ಅಥವಾ ಪುಣೆಯಲ್ಲಿ ನೌಕರಿ ಮಾಡುವ ಮಗನ ಕಾರ್ಡನ್ನು ಊರಿನ ಹೊಲದ ಖರ್ಚಿಗೆ ಬಳಸಿದಾಗಲೂ ಆಗುವುದು ಇದೇ: ತಿಂಗಳ ಸಂಬಳದ ಲೆಕ್ಕಕ್ಕೆ ವರ್ಷದ ಬೆಳೆಯ ಸಾಲ ಸೇರಿ ಎರಡೂ ಲೆಕ್ಕ ಹದಗೆಡುತ್ತವೆ.

ಹೆಸರು ಒಂದೇ, ಗುಣ ಬೇರೆ

ಈ ಸೀಮೆಯ ರೈತರಲ್ಲಿ ‘ನಮ್ಮ ಬಳಿಯೂ ಕ್ರೆಡಿಟ್ ಕಾರ್ಡ್ ಇದೆ’ ಎನ್ನುವವರಿದ್ದರೆ ಅವರು ಹೇಳುತ್ತಿರುವುದು ಬಹುತೇಕ ಕಿಸಾನ್ ಕ್ರೆಡಿಟ್ ಕಾರ್ಡ್ ಕುರಿತು. 1998ರಲ್ಲಿ ಆರಂಭವಾದ ಕೆಸಿಸಿ ಯೋಜನೆ ಹೆಸರಿನಲ್ಲಿ ಮಾತ್ರ ನಗರದ ಕಾರ್ಡನ್ನು ಹೋಲುತ್ತದೆ. ಇದು ಬೆಳೆಯ ಅವಧಿಗೆ ತಕ್ಕಂತೆ ಮರುಪಾವತಿ ಗಡುವು ಇರುವ ಬೆಳೆಸಾಲದ ಖಾತೆ.

ಜಮೀನಿನ ವಿಸ್ತೀರ್ಣ ಮತ್ತು ಬೆಳೆಗೆ ನಿಗದಿಯಾದ ಸಾಲದ ಪ್ರಮಾಣದ ಆಧಾರದಲ್ಲಿ ಮಿತಿ ನಿರ್ಧಾರವಾಗುತ್ತದೆ. ಇದಕ್ಕೆ ಶೇ. 10ರಷ್ಟನ್ನು ಕೊಯ್ಲಿನ ನಂತರದ ವೆಚ್ಚ ಮತ್ತು ಮನೆಖರ್ಚಿನ ಬಾಬ್ತಿನಲ್ಲಿ ಸೇರಿಸಲು ಅವಕಾಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಯೋಜನೆಯನ್ನು 2018-19ರಲ್ಲಿ ಪಶುಸಂಗೋಪನೆ ಮತ್ತು ಮೀನುಗಾರಿಕೆಗೂ ವಿಸ್ತರಿಸಲಾಯಿತು.

ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಡಿ 3 ಲಕ್ಷ ರೂ.ವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ವಾರ್ಷಿಕ ಬಡ್ಡಿ ಶೇ. 7. ಗಡುವಿನೊಳಗೆ ತೀರಿಸಿದವರಿಗೆ ಶೇ. 3ರ ರಿಯಾಯಿತಿ ದೊರೆತು ದರ ಶೇ. 4ಕ್ಕೆ ಇಳಿಯುತ್ತದೆ. ಈ ಮಿತಿಯನ್ನು 5 ಲಕ್ಷ ರೂ.ಗೆ ಏರಿಸುವ ಘೋಷಣೆ 2025-26ರ ಕೇಂದ್ರ ಬಜೆಟ್‌ನಲ್ಲಿ ಹೊರಬಿತ್ತು.

ಹೋಲಿಕೆ ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 40,000 ರೂ. ಕೆಸಿಸಿ ಸಾಲಕ್ಕೆ ಶೇ. 4ರಂತೆ ಇಡೀ ವರ್ಷದ ಬಡ್ಡಿ 1,600 ರೂ. ಅದೇ ಮೊತ್ತಕ್ಕೆ ಕ್ರೆಡಿಟ್ ಕಾರ್ಡಿನಲ್ಲಿ ಜಿಎಸ್‌ಟಿ ಸೇರಿ ಒಂದೇ ತಿಂಗಳ ಬಡ್ಡಿ 1,652 ರೂ.

ಕಾರ್ಡ್ ಇಲ್ಲದವರ ದಾರಿಗಳು

ಕನ್ನಡದ ‘ಪತ್ತು’ ಎಂಬ ಪದಕ್ಕೆ ಸಾಲ ಪಡೆಯುವ ಯೋಗ್ಯತೆ, ನಂಬಿಕೆ ಎಂಬ ಅರ್ಥಗಳಿವೆ. ಕ್ರೆಡಿಟ್ ಎಂಬುದಕ್ಕೆ ಇದಕ್ಕಿಂತ ಒಪ್ಪುವ ಪದವಿಲ್ಲ. ಕಾರ್ಡ್ ಇಲ್ಲದೆಯೂ ಪತ್ತು ಪಡೆಯುವ ಮಾರ್ಗಗಳು ಈ ಭಾಗದಲ್ಲಿ ಹಲವಿವೆ.

ಸೊಸೈಟಿ: ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸ್ಥಾಪನೆಯಾದದ್ದು ಗದಗ ಸಮೀಪದ ಕಣಗಿನಹಾಳದಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಉತ್ತರ ಕರ್ನಾಟಕದಲ್ಲಿ ಸಹಕಾರ ಚಳವಳಿ ಆಳವಾಗಿ ಬೇರೂರಿತು. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ವಿದ್ಯುತ್ ವಿತರಣೆಯನ್ನೇ ಸಹಕಾರಿ ತತ್ವದಲ್ಲಿ ನಡೆಸಿ ತೋರಿಸಿದ್ದು ಇದಕ್ಕೆ ನಿದರ್ಶನ. ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯಲ್ಲಿ ನೀಡುವ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 3 ಲಕ್ಷ ರೂ.ನಿಂದ 5 ಲಕ್ಷ ರೂ.ಗೆ ಏರಿಸುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿತು. ಗಡುವು ಮೀರಿದರೆ ಶೂನ್ಯ ಬಡ್ಡಿಯ ಸೌಲಭ್ಯ ಕೈತಪ್ಪುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಪಿಗ್ಮಿ: ಕ್ರೆಡಿಟ್ ಕಾರ್ಡಿನಲ್ಲಿ ಮೊದಲು ಖರ್ಚು, ನಂತರ ಪಾವತಿ. ಪಿಗ್ಮಿಯಲ್ಲಿ ಇದು ತಿರುಗುಮುರುಗು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಏಜೆಂಟರು ಪ್ರತಿದಿನ ಅಂಗಡಿ, ಮನೆ ಬಾಗಿಲಿಗೆ ಬಂದು ಸಣ್ಣ ಮೊತ್ತ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾದರೂ ಪಿಗ್ಮಿ ಎಂಬ ಹೆಸರು ರಾಜ್ಯದ ಸಹಕಾರಿ ಸಂಸ್ಥೆಗಳಲ್ಲಿ ಉಳಿದುಕೊಂಡಿದೆ. ದಿನಕ್ಕೆ 100 ರೂ. ಕಟ್ಟಿದರೂ ವರ್ಷಕ್ಕೆ 36,500 ರೂ. ಕೂಡುತ್ತದೆ, ಮಾದರಿ ಲೆಕ್ಕದ 40,000 ರೂ. ಸಾಲಕ್ಕೆ ಇದು ಹತ್ತಿರ ಹತ್ತಿರ ಸಮ. ಆದರೆ ಒಂದು ಎಚ್ಚರಿಕೆ ಅಗತ್ಯ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂ.ವರೆಗೆ ವಿಮೆಯಿದೆ; ಪತ್ತಿನ ಸಹಕಾರ ಸಂಘ ಮತ್ತು ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ರಕ್ಷಣೆ ಇಲ್ಲ.

ಬಂಗಾರದ ಸಾಲ: ಆಸ್ಪತ್ರೆ, ಮದುವೆಯಂಥ ತುರ್ತಿಗೆ ಹಳ್ಳಿಯ ಕುಟುಂಬ ಮೊದಲು ನೆನೆಯುವುದು ಮನೆಯ ಬಂಗಾರವನ್ನು. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ 2.5 ಲಕ್ಷ ರೂ.ವರೆಗಿನ ಸಾಲಕ್ಕೆ ಬಂಗಾರದ ಮೌಲ್ಯದ ಶೇ. 85ರವರೆಗೆ ಸಾಲ ನೀಡಬಹುದು. ಸಾಲ ತೀರಿದ ಮೇಲೆ ಗರಿಷ್ಠ 7 ಕೆಲಸದ ದಿನಗಳೊಳಗೆ ಒಡವೆ ಮರಳಿಸಬೇಕು. ಸಾಲದಾತರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕು.

ಸ್ವಸಹಾಯ ಸಂಘ: ಬ್ಯಾಂಕ್ ಜೋಡಣೆಯ ಸ್ವಸಹಾಯ ಸಂಘಗಳ ಕಾರ್ಯಕ್ರಮವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ರಾಜ್ಯದ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಬಂದಿತು. ಸಣ್ಣ ಮೊತ್ತದ ಅಗತ್ಯಗಳಿಗೆ ಮಹಿಳೆಯರಿಗೆ ಇದು ನೆರವಿನ ಹಾದಿ.

ಜನಧನ ಓವರ್‌ಡ್ರಾಫ್ಟ್: 2014ರಲ್ಲಿ ಆರಂಭವಾದ ಜನಧನ ಖಾತೆಗಳಲ್ಲಿ ಅರ್ಹರಿಗೆ 10,000 ರೂ.ವರೆಗೆ ಓವರ್‌ಡ್ರಾಫ್ಟ್ ಸೌಲಭ್ಯವಿದೆ.

ಕಾರ್ಡ್ ಇಲ್ಲದ ಬದುಕೆಲ್ಲ ಸುಖಮಯ ಎಂದು ಭಾವಿಸಬೇಕಿಲ್ಲ. ಸೊಸೈಟಿಯ ಸದಸ್ಯತ್ವ ಸಿಗದವರು, ಜಮೀನು ಹೆಸರಿನಲ್ಲಿ ಇಲ್ಲದ ಗೇಣಿದಾರರು, ಕೂಲಿಕಾರರು ಖಾಸಗಿ ಲೇವಾದೇವಿಗಾರರ ಅಥವಾ ಏಕಕಾಲಕ್ಕೆ ಹಲವು ಮೈಕ್ರೋಫೈನಾನ್ಸ್ ಸಂಸ್ಥೆಗಳ ಕೈಗೆ ಸಿಲುಕುವುದುಂಟು. ಸಾಲ ವಸೂಲಿಯ ಕಿರುಕುಳದ ದೂರುಗಳು ರಾಜ್ಯದಾದ್ಯಂತ ಹೆಚ್ಚಿದ ಹಿನ್ನೆಲೆಯಲ್ಲಿ 2025ರ ಫೆಬ್ರವರಿ 12ರಂದು ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಜಾರಿಗೆ ಬಂದಿತು. ಇಂಥವರಿಗೆ ಮೊದಲು ಬೇಕಾಗಿರುವುದು ಸಂಘ, ಬ್ಯಾಂಕುಗಳ ಬಾಗಿಲು ತೆರೆಯುವುದು. ನೂರಕ್ಕೆ ಮೂರೂವರೆ ಬಡ್ಡಿಯ ಕಾರ್ಡ್ ಅವರ ಪಾಲಿಗೆ ಇನ್ನೊಬ್ಬ ಸಾಹುಕಾರನಾಗಬಹುದಷ್ಟೆ.

ನಿತ್ಯದ ಪಾವತಿಗೆ ಕಾರ್ಡ್ ಬೇಕೇ?

ದಿನನಿತ್ಯದ ವ್ಯವಹಾರಕ್ಕೆ ಕ್ರೆಡಿಟ್ ಕಾರ್ಡ್ ಅನಿವಾರ್ಯವಲ್ಲ. 2016ರಲ್ಲಿ ಆರಂಭವಾದ ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ನೇರವಾಗಿ ಹಣ ಕೊಡಬಹುದು. ಸಾದಾ ಮೊಬೈಲ್ ಇರುವವರಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123 ಪೇ ಬಂದಿದೆ. ಬಸ್, ರೈಲು ಟಿಕೆಟ್, ಕಾಲೇಜು ಶುಲ್ಕ, ವಿದ್ಯುತ್ ಬಿಲ್ಲು, ಆನ್‌ಲೈನ್ ಖರೀದಿ ಎಲ್ಲಕ್ಕೂ ಯುಪಿಐ ಅಥವಾ ಡೆಬಿಟ್ ಕಾರ್ಡ್ ಸಾಕು. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯಕ್ಕೆ ದೂರದ ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗೆ ತಿಂಗಳ ಖರ್ಚಿನ ಹಣ ಮನೆಯಿಂದ ತಲುಪಲು ಒಂದು ಉಳಿತಾಯ ಖಾತೆಯೇ ಧಾರಾಳ.

ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಚಂದಾಗಳಿಗೂ ಕ್ರೆಡಿಟ್ ಕಾರ್ಡ್ ಕಡ್ಡಾಯವಲ್ಲ. ವಿದೇಶ ಪ್ರಯಾಣಕ್ಕೆ ಅಂತರರಾಷ್ಟ್ರೀಯ ಡೆಬಿಟ್ ಕಾರ್ಡ್ ಅಥವಾ ಮುಂಗಡ ಹಣ ತುಂಬಿದ ಫಾರೆಕ್ಸ್ ಕಾರ್ಡ್ ಬಳಸಬಹುದು. ಆದರೆ ಹೊರದೇಶಗಳಲ್ಲಿ ಬಾಡಿಗೆ ಕಾರು, ಕೆಲವು ಹೋಟೆಲುಗಳಲ್ಲಿ ಮುಂಗಡ ಭದ್ರತೆಗೆ ಕ್ರೆಡಿಟ್ ಕಾರ್ಡನ್ನೇ ಕೇಳುವುದುಂಟು.

ವಂಚನೆಯ ವಿಷಯದಲ್ಲಿ ಕ್ರೆಡಿಟ್ ಕಾರ್ಡಿಗೆ ಒಂದು ಅನುಕೂಲವಿದೆ. ಅದರಲ್ಲಿ ತಕ್ಷಣಕ್ಕೆ ಹೋಗುವುದು ಬ್ಯಾಂಕಿನ ಹಣ. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ಖಾತೆದಾರನ ಹಣ. ಆದರೂ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಎರಡಕ್ಕೂ ರಕ್ಷಣೆ ನೀಡಿತು. ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ಅನಧಿಕೃತ ವ್ಯವಹಾರ ನಡೆದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದ್ದಲ್ಲ ಎಂಬುದು ಅದರ ಸಾರ. ಒಟಿಪಿಯನ್ನು ತಾವೇ ಹೇಳಿಕೊಟ್ಟವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಆನ್‌ಲೈನ್ ವಂಚನೆಗೆ ಸಹಾಯವಾಣಿ 1930.

ಕೈಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳುವ ಹಳೆಯ ರೂಢಿಯನ್ನೂ ಪೂರ್ತಿ ಬಿಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ನಗರಕ್ಕೇ ನೀರು ನುಗ್ಗಿತ್ತು. ಅಂಥ ಸಂದರ್ಭದಲ್ಲಿ ವಿದ್ಯುತ್ ಮತ್ತು ಮೊಬೈಲ್ ಜಾಲ ಕೈಕೊಟ್ಟರೆ ಕಾರ್ಡೂ ನಡೆಯದು, ಯುಪಿಐಯೂ ನಡೆಯದು.

ಸಿಬಿಲ್ ಅಂಕದ ಆತಂಕ

‘ಕಾರ್ಡ್ ಇಲ್ಲದಿದ್ದರೆ ಸಿಬಿಲ್ ಅಂಕ ಇರುವುದಿಲ್ಲ, ಅಂಕ ಇಲ್ಲದಿದ್ದರೆ ಮನೆ ಸಾಲ ಸಿಗುವುದಿಲ್ಲ’ ಎಂಬ ಮಾತು ವ್ಯಾಪಕ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. 300ರಿಂದ 900ರ ನಡುವಿನ ಈ ಅಂಕ ಸಾಲದ ಮರುಪಾವತಿಯ ಇತಿಹಾಸವನ್ನು ಆಧರಿಸಿದ್ದು. ಆ ಇತಿಹಾಸ ಕಾರ್ಡಿನಿಂದಲೇ ಬರಬೇಕೆಂದಿಲ್ಲ. ಬ್ಯಾಂಕಿನ ಕೆಸಿಸಿ, ಬಂಗಾರದ ಸಾಲ, ಟ್ರ್ಯಾಕ್ಟರ್ ಅಥವಾ ದ್ವಿಚಕ್ರ ವಾಹನದ ಸಾಲವನ್ನು ಸಕಾಲಕ್ಕೆ ತೀರಿಸಿದರೂ ಇತಿಹಾಸ ನಿರ್ಮಾಣವಾಗುತ್ತದೆ.

ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಸಾಲದ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿ 6ರ ನಿರ್ದೇಶನದಲ್ಲಿ ಸಾಲ ಸಂಸ್ಥೆಗಳಿಗೆ ತಿಳಿಸಿದೆ. ಕೇಂದ್ರ ಹಣಕಾಸು ಸಚಿವಾಲಯ ಅದೇ ವರ್ಷ ಸಂಸತ್ತಿನಲ್ಲಿ ಇದನ್ನು ಪುನರುಚ್ಚರಿಸಿತು.

ಅಂಕ ಇಲ್ಲದಿರುವುದಕ್ಕಿಂತ ಕೆಟ್ಟ ಅಂಕ ಇರುವುದು ಹೆಚ್ಚು ಅಪಾಯಕಾರಿ ಎಂಬುದು ಗಮನಾರ್ಹ. ವರ್ಷಕ್ಕೊಮ್ಮೆ ಪ್ರತಿ ಸಾಲ ಮಾಹಿತಿ ಸಂಸ್ಥೆಯಿಂದ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಎಲ್ಲರಿಗೂ ಇದೆ. ತಪ್ಪಿದ್ದರೆ ತಿದ್ದಿಸಬಹುದು, ದೂರು 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರಕ್ಕೆ ಅವಕಾಶವಿದೆ.

ಯಾರಿಗೆ ಉಪಯುಕ್ತ?

ತಿಂಗಳಿಗೊಮ್ಮೆ ನಿಶ್ಚಿತ ಸಂಬಳ ಬರುವ ಶಿಕ್ಷಕರು, ಸರ್ಕಾರಿ ನೌಕರರು, ಗಿರಣಿ ಹಾಗೂ ಕಾರ್ಖಾನೆಗಳ ಕಾಯಂ ನೌಕರರ ಆದಾಯಕ್ಕೂ ಕಾರ್ಡಿನ ಬಿಲ್ಲಿಗೂ ತಾಳ ಕೂಡುತ್ತದೆ. ಪೂರ್ಣ ಮೊತ್ತ ಕಟ್ಟುವ ಶಿಸ್ತಿದ್ದರೆ ಅವರಿಗೆ 45 ದಿನಗಳ ಬಡ್ಡಿರಹಿತ ಹಣ, ರಿಯಾಯಿತಿ, ತುರ್ತು ಸಮಯದಲ್ಲಿ ಆಸ್ಪತ್ರೆಯ ಮುಂಗಡ ಕಟ್ಟುವ ಅನುಕೂಲ ದೊರೆಯುತ್ತವೆ. ಬೆಳಗಾವಿ ಅಥವಾ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಅಪರಾತ್ರಿಯಲ್ಲಿ ಓಡಬೇಕಾದಾಗ ಸೊಸೈಟಿಯ ಬಾಗಿಲು ತೆರೆದಿರುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ಬಾಕಿಯನ್ನು ಮುಂದಿನ ಗಡುವಿನೊಳಗೆ ಕಡಿಮೆ ಬಡ್ಡಿಯ ಬೇರೆ ಸಾಲದಿಂದಲಾದರೂ ತೀರಿಸಬೇಕು.

ಕಾರ್ಡ್ ಬೇಕೆನಿಸಿದವರಿಗೆ ಮಧ್ಯಮ ಮಾರ್ಗವೊಂದಿದೆ. ನಿಶ್ಚಿತ ಠೇವಣಿಯ ಭದ್ರತೆಯ ಮೇಲೆ ಅನೇಕ ಬ್ಯಾಂಕುಗಳು ಕಾರ್ಡ್ ನೀಡುತ್ತವೆ. ಠೇವಣಿಯ ಮಿತಿಯೊಳಗೆ ಖರ್ಚು ನಿಲ್ಲುತ್ತದೆ. ಮರುಪಾವತಿಯ ಇತಿಹಾಸವೂ ನಿರ್ಮಾಣವಾಗುತ್ತದೆ.

‘ಶೂನ್ಯ ಬಡ್ಡಿ ಕಂತು’ ಎಂಬ ಜಾಹೀರಾತುಗಳ ವಿಷಯದಲ್ಲಿ ಜಾಗ್ರತೆ ಬೇಕು. ಕಂತಿನ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ರೂಪದಲ್ಲಿ ಮರೆಮಾಚುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಆಕ್ಷೇಪಿಸಿತ್ತು. ನಗದು ಕೊಟ್ಟರೆ ಸಿಗುವ ರಿಯಾಯಿತಿ ಎಷ್ಟೆಂದು ಮೊದಲು ಕೇಳಿ ನೋಡಿದರೆ ‘ಶೂನ್ಯ’ದ ನಿಜವಾದ ಬೆಲೆ ತಿಳಿಯುತ್ತದೆ.

ಕಾರ್ಡ್ ಇರುವವರ ಹಕ್ಕುಗಳು

2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿರ್ದೇಶನದ ಮುಖ್ಯ ಅಂಶಗಳು ಇವು:

* ಕೇಳದೆ ಕಾರ್ಡ್ ಕಳುಹಿಸುವಂತಿಲ್ಲ. ಕಳುಹಿಸಿ ಶುಲ್ಕ ವಿಧಿಸಿದ್ದರೆ ಅದನ್ನು ವಾಪಸು ಮಾಡುವುದಲ್ಲದೆ ಅದರ ಎರಡರಷ್ಟು ದಂಡ ಕೊಡಬೇಕು.
* ಬಾಕಿ ಇಲ್ಲದ ಕಾರ್ಡನ್ನು ರದ್ದುಪಡಿಸಲು ಕೋರಿದರೆ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂ. ದಂಡ.
* ಗಡುವು ಮೀರಿ ಮೂರು ದಿನ ಕಳೆದ ಮೇಲೆಯೇ ವಿಳಂಬ ಶುಲ್ಕ ಮತ್ತು ಸಾಲ ಮಾಹಿತಿ ಸಂಸ್ಥೆಗೆ ವರದಿ.
* ಕಟ್ಟದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ನೀಡಿದ ಸೂಚನೆ. ಬ್ಯಾಂಕಿಗೆ ದೂರಿತ್ತು 30 ದಿನ ಕಳೆದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಮೊರೆ ಹೋಗಬಹುದು. ಮಾಹಿತಿಗೆ ದೂರವಾಣಿ 14448.

ನಿರ್ಧಾರಕ್ಕೆ ಮುನ್ನ ಐದು ಪ್ರಶ್ನೆಗಳು

1. ಆದಾಯ ತಿಂಗಳಿಗೊಮ್ಮೆ ಬರುತ್ತದೆಯೇ, ಬೆಳೆಗೊಮ್ಮೆ ಬರುತ್ತದೆಯೇ?
2. ಕಳೆದ ಆರು ತಿಂಗಳಲ್ಲಿ ತಿಂಗಳ ಕೊನೆಗೆ ಹಣ ಉಳಿದಿದೆಯೇ?
3. ಕಾರ್ಡಿನಿಂದ ಮಾಡಬೇಕೆಂದಿರುವ ಖರ್ಚು ಕೆಸಿಸಿ ಅಥವಾ ಸೊಸೈಟಿಯ ಸಾಲದಿಂದ ಆಗುವಂಥದ್ದೇ?
4. ತುರ್ತಿಗೆಂದು ಮೂರು ತಿಂಗಳ ಮನೆಖರ್ಚಿನಷ್ಟು ಉಳಿತಾಯ ಇದೆಯೇ?
5. ಬಿಲ್ಲು ಓದಿ, ಪೂರ್ಣ ಮೊತ್ತವನ್ನು ಗಡುವಿನೊಳಗೆ ಕಟ್ಟುವ ಹೊಣೆ ಮನೆಯಲ್ಲಿ ಯಾರದು?

ಮೊದಲ ಪ್ರಶ್ನೆಗೆ ‘ಬೆಳೆಗೊಮ್ಮೆ’ ಎಂಬ ಉತ್ತರ ಬಂದರೆ ಉಳಿದ ನಾಲ್ಕು ಪ್ರಶ್ನೆಗಳ ಅಗತ್ಯವೇ ಬೀಳದು. ಅಂಥ ಕುಟುಂಬಕ್ಕೆ ಕ್ರೆಡಿಟ್ ಕಾರ್ಡ್ ಇಲ್ಲದಿರುವುದು ಹಿಂದುಳಿದಿರುವಿಕೆಯ ಗುರುತಲ್ಲ. ತನ್ನ ಆದಾಯದ ವೇಳಾಪಟ್ಟಿಗೆ ಒಪ್ಪುವ ಸಾಲವನ್ನು ಆರಿಸಿಕೊಂಡ ವಿವೇಕದ ಗುರುತು. ಸಂಬಳದಾರರಿಗೆ ಕಾರ್ಡ್ ಒಂದು ಅನುಕೂಲ, ಅನಿವಾರ್ಯವಲ್ಲ. ಎರಡೂ ವರ್ಗದವರು ನೆನಪಿಡಬೇಕಾದ ಸಂಗತಿ ಒಂದೇ: ಕಾರ್ಡಿನ ಮಿತಿ ಎಂದು ಬ್ಯಾಂಕ್ ತೋರಿಸುವ ಮೊತ್ತ ಆದಾಯವಲ್ಲ, ಅದು ಇನ್ನೂ ಮಾಡದಿರುವ ಸಾಲ.